ಹಗೇವಿನೊಳಗೆ ಕೇಳಿಸಿದ ದನಿ

ಕಳೆದ ತಿಂಗಳು ಒಂದು ಆತ್ಮಕಥೆ ಓದುತ್ತಿದ್ದೆ. ದಿಂಬಿಗೆ ಒರಗಿ, ಪಕ್ಕದಲ್ಲಿ ಚಹಾ ಇಟ್ಟುಕೊಂಡು, ಆರಾಮವಾಗಿ. ಮೂರನೆಯ ಅಧ್ಯಾಯದಲ್ಲಿ ನಮ್ಮ ಅತ್ತೆ ಬಂದರು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ, ಗುರಮ್ಮ. ಕಮಲಾಪುರದಲ್ಲಿ ಮಗ-ಸೊಸೆಯ ಜೊತೆ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ನನ್ನದಕ್ಕಿಂತ ಚುರುಕು. ಪುಸ್ತಕದಲ್ಲಿ ಮಾತ್ರ ಅವರಿನ್ನೂ ಹತ್ತು ವರ್ಷದ ಹುಡುಗಿ. ಲಂಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಗೇವಿನೊಳಗೆ ಇಳಿಯುತ್ತಿದ್ದಾರೆ.

ನನ್ನ ಚಹಾ ತಣ್ಣಗಾಯಿತು.

ಈ ಅಂಕಣ ಓದುವವರಿಗೆ ಗೊತ್ತು, ನಾನು ವಿಮರ್ಶಕಿಯಲ್ಲ. ಕಾಲೇಜಿನಲ್ಲಿ ಬಾಟನಿ ಪಾಠ ಮಾಡಿ ರಿಟೈರ್ ಆದವಳು. ಸಿಕ್ಕಿದ್ದನ್ನು ಓದುತ್ತೇನೆ, ಅನ್ನಿಸಿದ್ದನ್ನು ಬರೆಯುತ್ತೇನೆ. (ಅನ್ನಿಸಿದ್ದನ್ನೆಲ್ಲ ಬರೆಯಬೇಡ ಎಂದು ಮನೆಯವರ ಕಾಯಂ ತಕರಾರು.) ಈ ವರ್ಷ ಯಾಕೋ ನಿಜಾಮನ ಕಾಲದ ಪುಸ್ತಕಗಳೇ ಕೈಗೆ ಬಂದವು. ನಿಜಾಮನ ಪರವಾಗಿ ಊರುಗಳ ಮೇಲೆ ಬೀಳುತ್ತಿದ್ದ ರಜಾಕಾರರು, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ೧೯೪೮ರ ಪೊಲೀಸ್ ಆಕ್ಷನ್, ಗಡಿ ಆಚೆಯ ಹೋರಾಟಗಾರರ ಕ್ಯಾಂಪುಗಳು. ನಮ್ಮ ಭಾಗದ ಹೊಸ ಹುಡುಗ ಹುಡುಗಿಯರು ಈಗ ಇದನ್ನೆಲ್ಲ ಬರೆಯುತ್ತಿದ್ದಾರೆ. ಒಳ್ಳೆಯದೇ. ನಾವು ಬರೆಯಲಿಲ್ಲ, ಅವರಾದರೂ ಬರೆಯಲಿ.

ಆದರೆ ಒಂದು ಮಾತು. ಮೊದಲು ಓದಿದ ಕಾದಂಬರಿಯಲ್ಲಿ ಎಲ್ಲರಿಗೂ ಮುಂದೆ ಏನಾಗುತ್ತದೆ ಎಂದು ಮೊದಲೇ ಗೊತ್ತಿತ್ತು. ಕುರಿ ಕಾಯುವವನಿಗೂ ಗೊತ್ತು, ಊರ ಗೌಡನಿಗೂ ಗೊತ್ತು. ಎಲ್ಲರೂ ಮಿಲಿಟರಿ ಬರುವ ದಿನಕ್ಕೆ ಸಿದ್ಧರಾಗಿ, ಒಳ್ಳೆಯವರು ಒಂದು ಕಡೆ ಕೆಟ್ಟವರು ಇನ್ನೊಂದು ಕಡೆ, ಗ್ರೂಪ್ ಫೋಟೊಗೆ ನಿಂತ ಹಾಗೆ ನಿಂತಿದ್ದರು. ಆ ಕಾಲದಲ್ಲಿ ಬದುಕಿದ ಯಾರಿಗಾದರೂ ಅಷ್ಟು ಖಾತ್ರಿ ಇತ್ತೇ? ನಾಳೆ ಬೆಳಗ್ಗೆ ಬಾಗಿಲು ತೆರೆಯಬೇಕೋ ಬೇಡವೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಇನ್ನೊಂದು, ಡಾಕ್ಟರಮ್ಮ ಒಬ್ಬರ ನೆನಪುಗಳು. ಪುಟಕ್ಕೊಮ್ಮೆ ‘ಇದು ನನಗೆ ಸರಿಯಾಗಿ ನೆನಪಿಲ್ಲ’ ಎಂದು ಬರೆಯುತ್ತಾರೆ. ನೆನಪಿಲ್ಲದಿದ್ದರೆ ಬರೆಯುವುದೇಕೆ ತಾಯಿ ಎಂದು ಸಿಟ್ಟು ಬಂದಿತ್ತು. ಆ ಸಿಟ್ಟು ಈಗ ಇಲ್ಲ.

ಮೂರನೆಯದೇ ಈ ಆತ್ಮಕಥೆ. ಬರೆದವರನ್ನು ಇಲ್ಲಿ ಬಸವಂತರಾಯರು ಎಂದು ಕರೆಯುತ್ತೇನೆ. (ನಮ್ಮ ಅತ್ತೆಯದೂ ಸೇರಿ ಎಲ್ಲ ಹೆಸರುಗಳನ್ನು ಬದಲಿಸಿದ್ದೇನೆ.) ಕಮಲಾಪುರದಲ್ಲಿ ಹುಟ್ಟಿದವರು, ಸೊಲ್ಲಾಪುರದಲ್ಲಿ ಬೆಳೆದವರು, ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಎಷ್ಟು ಚಂದ ಬರೆದಿದ್ದಾರೆಂದರೆ, ಎಮ್ಮೆ ಮೈ ತೊಳೆಯುವ ಒಂದು ಪುಟವನ್ನು ಎರಡು ಸಲ ಓದಿದೆ.

ಮೂರನೆಯ ಅಧ್ಯಾಯ ಪೊಲೀಸ್ ಆಕ್ಷನ್‌ಗೆ ಮುಂಚಿನ ಒಂದು ಮಧ್ಯಾಹ್ನದ್ದು. ರಜಾಕಾರರು ಊರಿಗೆ ಬಂದರು ಎಂದು ಕೂಗು ಎದ್ದಿತು. ಗಂಡಸರು ಹೊಲದಲ್ಲಿದ್ದರು. ಓಣಿಯಲ್ಲಿ ಆಡುತ್ತಿದ್ದ ಆರು ವರ್ಷದ ಬಸವಂತನನ್ನು ನಮ್ಮಜ್ಜಿ ಎಳೆದು ತಂದು, ತನ್ನ ಮಗಳ ಜೊತೆ ಹಗೇವಿಗೆ ಇಳಿಸಿದಳು. ಹಗೇವು ಎಂದರೆ ಜೋಳ ತುಂಬಿಡಲು ಮನೆಯೊಳಗೆ ನೆಲದಡಿ ತೋಡಿದ ಕಣಜ. ಆ ವರ್ಷ ಜೋಳವೆಲ್ಲ ಸರ್ಕಾರದ ಲೇವಿಗೆ ಹೋಗಿ ಅದು ಬರಿದಾಗಿತ್ತು. ಬಾಯಿಗೆ ಕಲ್ಲಿನ ಫರಸಿ ಎಳೆದು, ಗಾಳಿಗೆ ಒಂದಿಷ್ಟು ಸಂದು ಬಿಟ್ಟು, ಅಜ್ಜಿ ಹಿತ್ತಲಿನ ಕಡೆ ಓಡಿದಳು.

ಆಮೇಲೆ ಪುಸ್ತಕದಲ್ಲಿ ಎರಡು ವಾಕ್ಯಗಳಿವೆ. ‘ಮೇಲೆ ಹುಸೇನಸಾಬನ ದನಿ ಕೇಳಿಸಿತು. ಅವನೇ ಅವರನ್ನು ಕರೆತಂದಿದ್ದ.’

ಅದೇ ದಿನ ಹೊಲದಿಂದ ಬಸವಂತರಾಯರ ತಂದೆಯನ್ನು ಹಿಡಿದುಕೊಂಡು ಹೋದರು. ಅವರು ತಿರುಗಿ ಬರಲಿಲ್ಲ. ತಾಯಿ ಮಗನನ್ನು ಕರೆದುಕೊಂಡು ಸೊಲ್ಲಾಪುರದ ತವರಿಗೆ ಹೋದವಳು ಮತ್ತೆ ಕಮಲಾಪುರದ ಕಡೆ ಮುಖ ಮಾಡಲಿಲ್ಲ. ಅಧ್ಯಾಯ ಮುಗಿಯಿತು.

ಪುಸ್ತಕ ಮುಚ್ಚಿಟ್ಟೆ. ಯಾಕೆಂದರೆ ಹುಸೇನಸಾಬರ ಮಗಳು ಮಹಬೂಬಿ ಇನ್ನೂ ಇದ್ದಾರೆ. ಅತ್ತೆಯ ವಾರಿಗೆಯವರೇ. ಅತ್ತೆ, ಮನೆಯಳಿಯನಾಗಿ ಬಂದ ಸೋದರಮಾವನನ್ನು ಮದುವೆಯಾಗಿ, ಹುಟ್ಟಿದ ಮನೆಯಲ್ಲೇ ಉಳಿದರು. ಮಹಬೂಬಿಯ ಗಂಡನೂ ಇಲ್ಲಿಗೇ ಬಂದು ನೆಲೆಸಿದ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅದರ ಮೇಲಿಂದ ಇವರ ಬಾಳೆಗೊನೆ ಅಲ್ಲಿಗೂ ಅವರ ಮೊಸರು ಇಲ್ಲಿಗೂ ಬರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಂಥ ಮನೆಯ ಯಜಮಾನನ ಹೆಸರು ಈಗ ಅಚ್ಚಿನಲ್ಲಿದೆ, ತೋರಿಸಿಕೊಟ್ಟವನು ಎಂದು.

ಸಾಲದ್ದಕ್ಕೆ ಕಲಬುರಗಿಯಲ್ಲಿ ಆ ಪುಸ್ತಕದ ಮೇಲೆ ಸಭೆ. ಮಾತಾಡುವವಳು ನಾನು. ಒಪ್ಪಿಕೊಂಡು ಪುಸ್ತಕ ಓದಿದವಳು, ಓದಿ ಒಪ್ಪಿಕೊಂಡವಳಲ್ಲ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ನಮ್ಮೂರು ಕಮಲಾಪುರದ ವಾಟ್ಸಾಪ್ ಗ್ರೂಪಿನಲ್ಲಿ ಆ ಪುಟದ ಫೋಟೊ ಬಂತು. ಹೆಸರಿನ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು. ಅದರ ಕೆಳಗೆ ಒಬ್ಬರು ಕೇಳಿದ್ದರು: ‘ಇವರ ಮನಿ ಯಾವುದು?’

ಆ ಪ್ರಶ್ನೆಯನ್ನು ನೋಡುತ್ತಾ ಕೂತೆ. ಸುಮ್ಮನೆ ಕುತೂಹಲಕ್ಕೆ ಕೇಳಿದ್ದೇ? ಇರಬಹುದು. ಆದರೆ ಮನೆ ಯಾವುದು ಎಂದು ಕೇಳುವವರಿಗೆ ಮನೆ ತೋರಿಸುವ ಕಾಲವೇ ಇದು? ಅಡ್ಮಿನ್‌ಗೆ ಫೋನ್ ಮಾಡಿದೆ. ಪರಿಚಯದ ಹುಡುಗ, ತಕ್ಷಣ ಅಳಿಸಿದ. ‘ಆದ್ರ ಮೇಡಂ, ಮಂದಿ ನೋಡ್ಯಾರ್ರೀ’ ಎಂದ.

ಮರುದಿನ ಬೆಳಗ್ಗೆ ಕಲಬುರಗಿಯಲ್ಲಿ ನಮ್ಮ ಮನೆಯಿರುವ ಖೂಬಾ ಪ್ಲಾಟ್‌ನಿಂದ ಆಟೊ, ಬಸ್ ಸ್ಟ್ಯಾಂಡ್‌ನಿಂದ ಹುಮನಾಬಾದ್ ಬಸ್. ಬ್ಯಾಗಿನಲ್ಲಿ ಪುಸ್ತಕ. ಕಮಲಾಪುರ ಬರುವ ತನಕ ಅದನ್ನು ಒತ್ತಿ ಹಿಡಿದುಕೊಂಡೇ ಇದ್ದೆ, ಯಾರೋ ಕಸಿದುಕೊಂಡು ಓದಿಬಿಡುವರು ಎಂಬಂತೆ.

ಅತ್ತೆ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹರವಿಕೊಂಡು ಹಸನು ಮಾಡುತ್ತಿದ್ದರು. ‘ಓದಿ ಹೇಳು’ ಎಂದರು. ಓದಿದೆ. ಫರಸಿ ಎಳೆದಿದ್ದು, ಕತ್ತಲೆ, ಹಳೆ ಜೋಳದ ಮುಗ್ಗಲು ವಾಸನೆ ಬಂದಾಗ ಅತ್ತೆಯ ಕೈ ನಿಂತಿತು. ಆ ಎರಡು ವಾಕ್ಯ ಓದಿ ನಿಲ್ಲಿಸಿದೆ.

‘ಮುಂದ ಓದು.’

‘ಇಷ್ಟೇ ಅದ ಅತ್ತಿ.’

‘ಅಂವ ಏನಂದ ಅಂತ ಬರದಿಲ್ಲೇನು?’

‘ಯಾರು?’

‘ಹುಸೇನಸಾಬ ಕಾಕಾ. ಮ್ಯಾಲ ನಿಂತು ಮಾತಾಡ್ದನಲ್ಲ, ಏನು ಮಾತಾಡ್ದ ಅಂತ ಬರೀಬೇಕಿಲ್ಲ?’

ಬರೆದಿಲ್ಲ ಎಂದೆ. ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದರು.

‘ಯಾಂ ಕೋಯಿ ನೈ, ಸಬ್ ಶೋಲಾಪುರ್ ಕೂ ಗಯೇ ಅಂದ. ಇಲ್ಲಿ ಯಾರೂ ಇಲ್ಲ, ಎಲ್ಲಾರೂ ಸೊಲ್ಲಾಪುರಕ್ಕ ಹೋದ್ರು ಅಂತ. ನಾ ಹಗಲೆಲ್ಲ ಮಹಬೂಬಿ ಮನ್ಯಾಗ ಆಡ್ತಿದ್ದೆ, ಅವರ ಮಾತು ನಂಗ ತಿಳೀತಿತ್ತು. ಈ ಹುಡುಗಗ ತಿಳೀತಿರಲಿಲ್ಲ. ಕಾಕಾ ನಮ್ಮ ಕೂಡ ಯಾವತ್ತೂ ಕನ್ನಡನೇ ಮಾತಾಡ್ತಿದ್ದ. ಅವತ್ತ ಅವರ ಕೂಡ ಉರ್ದುನ್ಯಾಗ ಮಾತಾಡ್ದ. ಇಂವ ಹೆದರಿಕೊಂಡು ಅಳಾಕತ್ತಿದ್ದ. ನಾನ ಬಾಯಿ ಒತ್ತಿ ಹಿಡದಿದ್ದೆ.’

ಎಷ್ಟು ಹಗುರವಾಯಿತು ನನಗೆ. ಹುಸೇನಸಾಬರು ತೋರಿಸಿಕೊಟ್ಟವರಲ್ಲ, ಉಳಿಸಿದವರು. ಸಭೆಯಲ್ಲಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯದು ಏನಿದೆ? ಅಲ್ಲಿಗೇ ಎದ್ದು ಬಸ್ ಹಿಡಿದಿದ್ದರೆ ಆಗುತ್ತಿತ್ತು. ಆದರೆ ಓದುಗರಿಗೆ ಒಂದು ಚಟ, ಮುಂದೇನಾಯಿತು ಎಂದು ಕೇಳುವುದು.

‘ಆಮ್ಯಾಲ ಹುಸೇನಸಾಬರು ಏನಾದ್ರು ಅತ್ತಿ?’

ಅತ್ತೆ ಎದ್ದು ಹೋಗಿ ಗೋಡೆಯ ಕಡೆ ನೋಡಿ ಬಂದರು. ಆ ಕಡೆ ಯಾರೂ ಇರಲಿಲ್ಲ. ಬಂದು ಕೂತು, ದನಿ ತಗ್ಗಿಸಿದರು.

‘ಹಗೇವಿಂದ ಮ್ಯಾಲ ಬಂದ ಕೂಡಲೇ ಈ ಹುಡುಗ ಎಲ್ಲಾರ ಮುಂದ ಅಂದ, ಹುಸೇನಸಾಬ ಕಾಕಾ ಅವರ ಕೂಡ ಇದ್ದ ಅಂತ. ಅವರಪ್ಪನ್ನ ಒಯ್ದಾರ ಅಂತ ಅವಾಗೇ ಸುದ್ದಿ ಬಂತು. ಮಂದಿ ಎರಡೂ ಕೂಡಿಸಿದ್ರು.’

‘ನೀವು ಹೇಳಲಿಲ್ಲೇನು, ಅವರು ಏನಂದ್ರು ಅಂತ?’

‘ಅಪ್ಪಗ ಹೇಳ್ದೆ. ಕಾಕಾ ನಮ್ಮನ್ನ ಉಳಿಸ್ಯಾನ ಅಂದೆ. ಸುಮ್ನಿರು, ಇಂಥಾದ್ದರಾಗ ಹೆಣ್ಮಕ್ಕಳು ಬಾಯಿ ಹಾಕಬಾರದು ಅಂದ.’

ಬಸವಂತ ತಾಯಿಯ ಜೊತೆ ಸೊಲ್ಲಾಪುರಕ್ಕೆ ಹೋದ. ಅವನು ಆಡಿದ ಮಾತು ಊರಲ್ಲೇ ಉಳಿಯಿತು. ಮಿಲಿಟರಿ ಬಂತು, ನಿಜಾಮನ ಆಡಳಿತ ಮುಗಿಯಿತು, ಜನ ಗುಲಾಲು ಎರಚಿದರು. ಅದಾಗಿ ಸ್ವಲ್ಪ ದಿನಕ್ಕೆ ಒಂದು ಗುಂಪು ಹುಸೇನಸಾಬರ ಮನೆ ಹುಡುಕಿಕೊಂಡು ಬಂತು.

‘ಯಾರಿದ್ರು?’

‘ಹೊರಗಿನವರಿದ್ರು. ಊರವರೂ ಇದ್ರು.’ ಅತ್ತೆ ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ. ‘ಒಯ್ದು ಬಡದು, ಸಂಜೀಕ ಹೊರಸಿನ ಮ್ಯಾಲೆ ತಂದು ಹಾಕಿದ್ರು. ಸಂಕ್ರಾಂತಿ ತನಕ ಇದ್ದ.’

‘ಅಜ್ಜ ಏನು ಮಾಡಿದ್ರು?’

‘ಬಾಗಿಲಾ ಹಾಕ್ಕೊಂಡು ಒಳಗ ಕುಂತಿದ್ದ.’

ನಮ್ಮಜ್ಜನನ್ನು ನಾನು ನೋಡಿದ್ದೇನೆ. ನನಗೆ ಪೇರಲಹಣ್ಣು ಕೊಯ್ದು ಕೊಡುತ್ತಿದ್ದ ಮನುಷ್ಯ. ಅವರ ಬಗ್ಗೆ ಇದೇ ಅಂಕಣದಲ್ಲಿ ಒಮ್ಮೆ ಅಭಿಮಾನದಿಂದ ಬರೆದಿದ್ದೆ.

‘ಮಹಬೂಬಿಗೆ ಗೊತ್ತದೇನು, ಆ ಹುಡುಗ ಅಂದಿದ್ದು?’

‘ಗೊತ್ತದ.’

‘ನೀವಿಬ್ಬರೂ ಯಾವಾಗರ ಅದರ ಬಗ್ಗೆ ಮಾತಾಡೀರೇನು?’

‘ಏನಂತ ಮಾತಾಡೋದು? ದಿನಾ ಮಾರಿ ನೋಡ್ತೀವಿ, ಸಾಕಾಗ್ಯದ.’

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಹೊರಗೆ ಏನಿತ್ತೋ ನೋಡಲಿಲ್ಲ. ಲೇಖಕರಿಗೆ ಹೇಳಬೇಕೇ? ಎಷ್ಟು ಹೇಳಬೇಕು? ಮೊದಲರ್ಧ ಹೇಳಿದರೆ ಎರಡನೆಯ ಅರ್ಧ ತಾನಾಗಿ ಬರುತ್ತದಲ್ಲ? ಎಂಬತ್ತು ದಾಟಿದವರಿಗೆ ಫೋನಿನಲ್ಲಿ ಇಂಥದ್ದು ಹೇಳಿ, ಹೆಚ್ಚುಕಡಿಮೆಯಾದರೆ?

ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಅವರೂ ಮಗು, ಅತ್ತೆಯೂ ಮಗು. ಒಂದೇ ಕತ್ತಲೆಯಲ್ಲಿ ಕೂತ ಎರಡು ಮಕ್ಕಳು. ಅತ್ತೆಯ ಕಿವಿಯೇ ಸರಿ ಎಂದು ನಾನು ನಂಬುವುದು ಅವರು ನನ್ನ ಅತ್ತೆ ಎಂದೇ? ಅಥವಾ ಅವರು ಹೇಳಿದ್ದು ನನಗೆ ಬೇಕಾದ ಕತೆ ಎಂದೇ? ಗೊತ್ತಿಲ್ಲ. ಒಂದು ಮಾತ್ರ ಹೇಳಬಲ್ಲೆ. ಅತ್ತೆಗೆ ಮಾತು ನೆನಪಿತ್ತು. ಪುಸ್ತಕದಲ್ಲಿ ಇದ್ದದ್ದು ದನಿ ಮಾತ್ರ.

ಮನೆಗೆ ಬಂದು ಪುಸ್ತಕ ಮತ್ತೆ ತೆರೆದೆ. ‘ದನಿ ಕೇಳಿಸಿತು’ ಎಂಬುದು ಕಿವಿಯ ಮಾತು. ‘ಅವನೇ ಕರೆತಂದಿದ್ದ’ ಎಂಬುದು ಕಿವಿಯ ಮಾತಲ್ಲ. ಎರಡರ ನಡುವೆ ಒಂದು ಪೂರ್ಣವಿರಾಮ ಬಿಟ್ಟರೆ ಏನೂ ಇಲ್ಲ. ನಾನು ಇಷ್ಟು ವರ್ಷ ಓದಿದ ಆತ್ಮಕಥೆಗಳಲ್ಲಿ ಇಂಥ ಪೂರ್ಣವಿರಾಮಗಳನ್ನು ಎಷ್ಟು ಸಲೀಸಾಗಿ ದಾಟಿ ಬಂದಿದ್ದೇನೋ.

ಫೋನ್ ಮಾಡಿದೆ. ಬಸವಂತರಾಯರಿಗೆ, ನಾನು ಗುರಮ್ಮನ ಸೊಸಿ, ಅಂದರೆ ತಮ್ಮನ ಮಗಳು ಎಂದು ಹೇಳಿಕೊಂಡೆ.

‘ಗುರಕ್ಕ ಇನ್ನೂ ಅದಾಳ?’ ಎಂದರು. ಅವರ ದನಿ ಸಣ್ಣ ಹುಡುಗನದಾಯಿತು. ‘ಆಕಿ ಇಲ್ಲಂತ ತಿಳದು ಬರದೀನ್ರಿ ನಾ.’

ಅತ್ತೆ ಕೇಳಿಸಿಕೊಂಡ ಮಾತನ್ನು ಹೇಳಿದೆ. ಅಷ್ಟನ್ನು ಮಾತ್ರ.

‘ನಂಗ ಆ ದನಿ ಈಗೂ ಕೇಳಸ್ತದ’ ಎಂದರು.

‘ದನಿ ಖರೆ ಅದರೀ ಸರ್. ಅತ್ತಿನೂ ಅದೇ ಹೇಳ್ತಾರ. ಮಾತು ಏನಿತ್ತು, ನೆನಪದ ಏನ್ರಿ?’

‘ಇಲ್ಲ.’ ಆಮೇಲೆ ಕೇಳಿದರು, ‘ಹಂಗಾರ ನಮ್ಮಪ್ಪನ್ನ ಯಾರು ತೋರಿಸಿಕೊಟ್ರು?’

ಅದು ಯಾರಿಗೂ ಗೊತ್ತಿಲ್ಲ. ಅಪ್ಪ ಇಲ್ಲದೆ ಬೆಳೆದ ಮನುಷ್ಯನಿಗೆ ಯಾಕೆ ಎಂಬ ಪ್ರಶ್ನೆಗೆ ಇಷ್ಟು ವರ್ಷ ಇದ್ದ ಉತ್ತರ ಒಂದೇ, ಆ ದನಿ. ಅದನ್ನು ನಾನು ಒಂದು ಫೋನ್ ಕಾಲಿನಲ್ಲಿ ಕಿತ್ತುಕೊಂಡಿದ್ದೆ. ಅವರು ಫೋನ್ ಇಟ್ಟರು. ಮುಂದಿನ ದಿನಗಳಲ್ಲಿ ಅಪರಿಚಿತ ನಂಬರ್ ಬಂದಾಗಲೆಲ್ಲ ಎತ್ತಲು ಹಿಂಜರಿದೆ. ಅವರ ಮನೆಯವರು ಯಾರಾದರೂ ಕೆಟ್ಟ ಸುದ್ದಿ ಹೇಳಲು ಮಾಡಿರಬಹುದೇ?

ಕೊನೆಗೆ ಫೋನ್ ಮಾಡಿದವರು ಅವರೇ. ‘ಸಭಾಕ್ಕ ಬರ್ತೀನಿ. ಅದಕ್ಕಿಂತ ಮೊದಲ ಕಮಲಾಪುರಕ್ಕ ಕರಕೊಂಡು ಹೋಗ್ರಿ.’

ಸಭೆಯ ಹಿಂದಿನ ದಿನ ಹೋದೆವು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಶರ್ಟು. ದಾರಿಯುದ್ದಕ್ಕೂ ಕಾರಿನಲ್ಲಿ ರಸ್ತೆ, ಮಳೆ, ತೊಗರಿ ಬೆಳೆಯ ಮಾತಾಡಿದರು. ಊರು ಬಂದ ಮೇಲೆ ಕಿಟಕಿಯ ಗಾಜು ಇಳಿಸಿದರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ‘ಬಸ್ಯಾ, ಬಾ’ ಎಂದರು, ಹೋದ ವಾರ ನೋಡಿದವರಂತೆ.

ಅವರು ಒಳಗೆ ಬಂದು ಕೇಳಿದ ಮೊದಲ ಮಾತು ಹಗೇವು ಎಲ್ಲಿ ಎಂದು. ಅದನ್ನು ಮುಚ್ಚಿ ಟೈಲ್ಸ್ ಹಾಕಿಸಿ ಬಹಳ ಕಾಲವಾಗಿದೆ. ಮೇಲೆ ಫ್ರಿಜ್ ಇದೆ. ಅವರು ಆ ಫ್ರಿಜ್ಜಿನ ಮುಂದೆ ನಿಂತರು. ಅತ್ತೆಯ ಸೊಸೆ ನೀರು ಕೊಡಲು ಬಂದವಳು ಅದನ್ನು ತೆರೆಯಲಾಗದೆ ಹಾಗೇ ನಿಂತಳು.

ಅತ್ತೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಹೇಳಿದ್ದನ್ನೇ ಹೇಳಿದರು, ಹುಸೇನಸಾಬರ ಮಾತಿನ ತನಕ. ಅಲ್ಲಿಗೆ ನಿಲ್ಲಿಸಿದರು. ನಾನು ಒಳಗೊಳಗೇ ನೆಮ್ಮದಿಪಟ್ಟೆ. ಇಷ್ಟೇ ಸಾಕು, ಚಹಾ ಕುಡಿದು ಹೊರಡೋಣ.

ಬಸವಂತರಾಯರು ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದರು, ‘ಅಕ್ಕ, ಮ್ಯಾಲ ಬಂದ ಮ್ಯಾಲೆ ನಾ ಯಾರ ಮುಂದರ ಏನರ ಅಂದೆನೇನು?’

ಅತ್ತೆ ಅವರ ಮುಖವನ್ನೇ ನೋಡಿದರು. ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದೇ ನಾನು ಬಯಸಿದೆ, ಅದನ್ನು ಮುಚ್ಚಿಡುವುದಿಲ್ಲ.

‘ನೀ ಆರು ವರ್ಷದಾವ ಇದ್ದಿ ಬಸ್ಯಾ’ ಎಂದರು ಅತ್ತೆ.

ಅವರಿಗೆ ತಿಳಿಯಿತು. ಎಂಜಿನಿಯರ್ ಮನುಷ್ಯ, ಲೆಕ್ಕ ಬಿಡಿಸಿ ಹೇಳಬೇಕಿರಲಿಲ್ಲ. ‘ಅಂವ ಆಮ್ಯಾಲ ಹ್ಯಾಂಗ ಸತ್ತ?’ ಎಂದು ಕೇಳಿದರು. ಅತ್ತೆ ಹೇಳಿದರು. ಅವರು ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಮಹಬೂಬಿ ಬಂದದ್ದು ಆಗ. ಕರೆದಿರಲಿಲ್ಲ. ಗೋಡೆಯ ಆ ಕಡೆ ಕಾರಿನ ಸದ್ದೂ ಅತ್ತೆ ‘ಬಸ್ಯಾ’ ಎಂದು ಕರೆದದ್ದೂ ಕೇಳಿಸಿತ್ತಂತೆ. ಕೋಲು ಊರಿಕೊಂಡು ಬಂದು, ಅತ್ತೆಯ ಎದುರಿನ ಕುರ್ಚಿಯಲ್ಲಿ ಕೂತರು. ಬಸವಂತರಾಯರು ಎದ್ದು ನಿಂತರು.

‘ಕುಂದರ್ರಿ’ ಎಂದರು ಮಹಬೂಬಿ. ಆಮೇಲೆ, ‘ನಿಮ್ಮವ್ವ ಬಾಳ ದಿನಾ ಇದ್ದಳೇನ್ರಿ?’

‘ಇದ್ದಳು. ನನ್ನ ನೌಕರಿ ಆಗೋತನಕ ಇದ್ದಳು.’

‘ಚಲೋ ಆಯ್ತು.’ ಕೋಲನ್ನು ಕುರ್ಚಿಗೆ ಒರಗಿಸಿದರು. ‘ನಮ್ಮ ಅಬ್ಬಾನ ಹೆಸರು ಪುಸ್ತಕದಾಗ ಅದ ಅಂತ ಮೊಮ್ಮಗ ಮೊಬೈಲಿನಾಗ ತೋರಿಸ್ದ. ಎಲ್ಲಿ, ನಂಗ ಪುಸ್ತಕದಾಗ ತೋರಸ್ರಿ.’

ನಾನು ಪುಸ್ತಕ ತೆರೆದು ಕೊಟ್ಟೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಬೆರಳು ಇಟ್ಟು ತೋರಿಸಿದೆ. ಆ ಐದಾರು ಅಕ್ಷರಗಳ ಮೇಲೆ ಅವರು ತಮ್ಮ ಬೆರಳಿಟ್ಟರು.

ಬಸವಂತರಾಯರು ಮುಂದಕ್ಕೆ ಬಾಗಿದರು. ‘ತಪ್ಪು ಬರದೀನ್ರಿ. ಮುಂದಿನ ಪ್ರಿಂಟಿನಾಗ ಅವರ ಹೆಸರ ತಗಸ್ತೀನಿ.’

‘ತಗೀಬ್ಯಾಡ್ರಿ’ ಎಂದರು ಮಹಬೂಬಿ. ಬೆರಳು ಇನ್ನೂ ಪುಟದ ಮೇಲೇ ಇತ್ತು. ‘ಅಂವಂದು ಒಂದು ಫೋಟೊ ಇಲ್ಲ ನಮ್ಮ ಮನ್ಯಾಗ. ಹೆಸರು ಎಲ್ಲೂ ಬರದಿಲ್ಲ. ಇದು ಇರಲಿ. ಅಂವ ಏನಂದ ಅನ್ನೋದೂ ಬರೀರಿ. ಆಮ್ಯಾಲ ಏನಾತು ಅನ್ನೋದೂ ಬರೀರಿ.’

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಇಂಥ ಜಾಗದಲ್ಲಿ ಕಾದಂಬರಿಯಾಗಿದ್ದರೆ ಹೇಳುತ್ತಿದ್ದರು, ಹಿಂದಿನಿಂದ ಮಸೀದಿಯ ಅಜಾನ್ ಮತ್ತು ಗುಡಿಯ ಗಂಟೆ ಒಟ್ಟಿಗೆ ಕೇಳಿಸುತ್ತಿತ್ತು. ಇಲ್ಲಿ ಕೇಳಿಸಿದ್ದು ಫ್ರಿಜ್ಜಿನ ಗುಂಯ್‌ಗುಡುವಿಕೆ. ಅತ್ತೆ ಮಹಬೂಬಿಯ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದರು. ಹೋಗುವಾಗ ಮಹಬೂಬಿಯೇ ‘ಗುರಮ್ಮ, ನಾಳಿ ಮೊಸರು ಬೇಕೇನು?’ ಎಂದು ಕೇಳಿದರು. ‘ಬೇಕು’ ಎಂದರು ಅತ್ತೆ.

ಮರುದಿನ ಕಲಬುರಗಿಯ ಸಭೆಯಲ್ಲಿ ನಾನು ಮಾತಾಡಲಿಲ್ಲ. ನನ್ನ ಹೊತ್ತನ್ನೂ ಅವರಿಗೇ ಕೊಟ್ಟೆ. ಬಸವಂತರಾಯರು ಮೂರನೆಯ ಅಧ್ಯಾಯ ಓದಿದರು. ‘ದನಿ ಕೇಳಿಸಿತು’ ಎಂಬಲ್ಲಿಗೆ ಪುಸ್ತಕ ಮುಚ್ಚಿ, ‘ಇದರ ಮುಂದಿನ ಸಾಲು ನಾ ಕೇಳಿದ್ದಲ್ಲ, ಕಟ್ಟಿದ್ದು’ ಎಂದು ಹೇಳಿ, ಹಿಂದಿನ ದಿನ ಕೇಳಿಸಿಕೊಂಡದ್ದನ್ನೆಲ್ಲ ಹೇಳಿದರು. ತಾವು ಆರು ವರ್ಷದವರಿದ್ದಾಗ ಆಡಿದ ಮಾತನ್ನೂ. ಸಭೆಯಲ್ಲಿ ಗದ್ದಲವಾದೀತು ಎಂದು ನಾನು ಸೆರಗಿನ ತುದಿ ಹಿಂಡುತ್ತಾ ಕೂತಿದ್ದೆ. ಆಗಲಿಲ್ಲ. ಹಿಂದಿನ ಸಾಲಿನಿಂದ ಇಬ್ಬರು ಎದ್ದು ಹೋದರು, ಅಷ್ಟೇ. ಯಾಕೆ ಹೋದರೋ ತಿಳಿಯದು. ಅದೂ ಒಂದು ಚಿಂತೆ ನನಗೆ.

ಇದನ್ನು ಅಂಕಣದಲ್ಲಿ ಬರೆಯಿರಿ ಎಂದವರೂ ಅವರೇ. ‘ನಾ ಬರಿಯೋತನಕ ಕಾಯಬ್ಯಾಡ್ರಿ’ ಎಂದರು. ತಮ್ಮ ನಿಜವಾದ ಹೆಸರೇ ಹಾಕಿ ಎಂದರು. ಅದನ್ನು ಮಾತ್ರ ನಾನು ಕೇಳಲಿಲ್ಲ. ಮನೆ ಯಾವುದು ಎಂದು ಕೇಳುವವರು ಇನ್ನೂ ಇದ್ದಾರೆ.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ, ಈ ಬರಹ ಶುರುವಾಗಿದ್ದು ಅದಕ್ಕೇ ತಾನೆ. ಈ ವರ್ಷ ಓದಿದವುಗಳಲ್ಲಿ ಅತ್ಯಂತ ಒಳ್ಳೆಯ ಪುಸ್ತಕ ಇದೇ. ಆ ಒಂದು ಸಾಲಿದ್ದರೂ. ಸಾಲು ತಿದ್ದಿ, ಹೊಸ ಅಧ್ಯಾಯ ಸೇರಿಸಿ, ಲೇಖಕರು ಆಗಲೇ ಪ್ರಕಾಶಕರಿಗೆ ಕಳಿಸಿದ್ದಾರೆ. ನಾನೂ ಪ್ರಕಾಶಕರಿಗೆ ಫೋನ್ ಮಾಡಿದೆ. ಸಜ್ಜನ ಮನುಷ್ಯ. ‘ಮಾಡೋಣ್ರೀ ಮೇಡಂ, ಮೊದಲನೇ ಮುದ್ರಣ ಖಾಲಿ ಆಗಲಿ, ಇನ್ನೂ ಅರ್ಧಕ್ಕರ್ಧ ಗೋಡೌನಿನ್ಯಾಗ ಅದಾವ’ ಎಂದರು.

ಮೂವರಿಗೂ ಎಂಬತ್ತು ದಾಟಿದೆ. ತಿದ್ದಿದ ಪುಟವನ್ನು ಅವರು ಕಣ್ಣಾರೆ ಕಾಣಲಿ ಎಂದು, ತಪ್ಪು ಸಾಲಿರುವ ಪುಸ್ತಕವನ್ನು ಬೇಗ ಬೇಗ ಕೊಳ್ಳಿರಿ ಎಂದು ನಿಮಗೆ ನಾನು ಯಾವ ಬಾಯಿಯಿಂದ ಹೇಳಲಿ?